ಮೂರನೆಯ ತೂತಿನ ಹಿಂದೆ

ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಮಗಳ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಚರ್ಚಿಗೆ ಸೇರಿದ ಒಂದು ಹಾಲ್ ಇದೆ. ಶನಿವಾರ ಬೆಳಿಗ್ಗೆ ಅಲ್ಲಿ ರಿಪೇರಿ ಕೆಫೆ ನಡೆಯುತ್ತದೆ. ಕೆಟ್ಟ ಟೋಸ್ಟರ್, ತಿರುಗದ ಫ್ಯಾನ್, ಹತ್ತದ ಟೇಬಲ್ ಲ್ಯಾಂಪ್ ಹಿಡಿದುಕೊಂಡು ಜನ ಬರುತ್ತಾರೆ. ಅವರಿಗೆ ಟೀ ಕೊಟ್ಟು ಕೂರಿಸಿ, ಕೆಲಸ ಬಲ್ಲ ಕೆಲವು ಹಿರಿಯರು ಸಾಮಾನು ಬಿಚ್ಚಿ ಸರಿಮಾಡಿಕೊಡುತ್ತಾರೆ. ದುಡ್ಡು ಕೇಳುವುದಿಲ್ಲ, ಬಾಗಿಲ ಬಳಿಯ ಡಬ್ಬಿಗೆ ಹಾಕಿದರೆ ಬೇಡವೆನ್ನುವುದೂ ಇಲ್ಲ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸಿ ನಿವೃತ್ತನಾದವನಿಗೆ ಇಂಥ ಜಾಗ ಸಿಕ್ಕಿದರೆ ಪ್ರೇಕ್ಷಣೀಯ ಸ್ಥಳಗಳ ಪಟ್ಟಿ ಹಿಂದೆ ಬೀಳುತ್ತದೆ. ಒಂದು ದೇಶ ತನ್ನ ಜನರ ಜೀವವನ್ನು ಹೇಗೆ ಕಾಯುತ್ತದೆ ಎಂದು ನೋಡಬೇಕಾದರೆ ಅದರ ಪ್ಲಗ್ ಬಿಚ್ಚಿ ನೋಡಬೇಕು ಎಂಬುದು ನನ್ನ ನಂಬಿಕೆ.

ಅಲ್ಲಿ ನನಗೆ ಜೊತೆಯಾದವರು ವಿದ್ಯುತ್ ಸರಬರಾಜಿನ ಕೆಲಸದಲ್ಲೇ ಕೂದಲು ನರೆಸಿಕೊಂಡ ಒಬ್ಬರು. ಒಂದು ಹಳೆಯ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗಿನ ಮುಚ್ಚಳ ತೆಗೆದು ನನ್ನ ಮುಂದಿಟ್ಟರು. ಇಂಗ್ಲೆಂಡಿನ ಪ್ಲಗ್ ದಪ್ಪ. ಪಿನ್ನುಗಳು ದುಂಡಗಿಲ್ಲ, ಚಪ್ಪಟೆ. ಒಳಗೆ ಮೇಲ್ಗಡೆ ಅರ್ತ್, ಎಡಕ್ಕೆ ನ್ಯೂಟ್ರಲ್, ಬಲಕ್ಕೆ ಫೇಸ್. ಫೇಸ್ ಪಿನ್ನಿಗೆ ತಾಗಿಕೊಂಡೇ ಕಿರುಬೆರಳಿನ ಅರ್ಧದಷ್ಟು ಉದ್ದದ ಒಂದು ಫ್ಯೂಸ್: ಲ್ಯಾಂಪಿನಂಥದಕ್ಕಾದರೆ 3 ಆಂಪಿಯರ್, ಇಸ್ತ್ರಿ ಪೆಟ್ಟಿಗೆ, ಕೆಟಲ್‌ಗಳಿಗೆ 13. ಅಲ್ಲಿ ಒಂದೇ ತಂತಿ ಬೋರ್ಡಿನಿಂದ ಹೊರಟು, ಮನೆಯ ಸಾಕೆಟ್ಟುಗಳನ್ನೆಲ್ಲ ಸುತ್ತಿಕೊಂಡು ಮತ್ತೆ ಬೋರ್ಡಿಗೇ ಬಂದು ಸೇರುತ್ತದೆ. ಅದರ ಬ್ರೇಕರ್ 32 ಆಂಪಿಯರಿನದು. ಲ್ಯಾಂಪಿನ ತೆಳು ವೈರು ಸುಟ್ಟು ಕರಗಿದರೂ ಅಷ್ಟು ದೊಡ್ಡ ಬ್ರೇಕರ್ ಬೀಳಲಿಕ್ಕಿಲ್ಲ. ಹಾಗಾಗಿ ಪ್ರತಿ ಪ್ಲಗ್ಗಿಗೂ ತನ್ನದೇ ಫ್ಯೂಸ್.

ಇದಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಹಿಡಿದು ನಿಲ್ಲಿಸಿದ್ದು ಹಸಿರು-ಹಳದಿ ಪಟ್ಟೆಯ ತಂತಿ. ಉಳಿದೆರಡನ್ನು ಬಿಗಿಯಾಗಿ, ನೇರವಾಗಿ ಸ್ಕ್ರೂಗೆ ಕಟ್ಟಿದ್ದರೆ ಇದನ್ನು ಮಾತ್ರ ಉದ್ದ ಬಿಟ್ಟು, ಬಳುಕಿಸಿ ಕೂರಿಸಿದ್ದರು. ಯಾರೋ ಪ್ಲಗ್ ಹಿಡಿಯದೆ ವೈರು ಹಿಡಿದು ಜಗ್ಗುತ್ತಾರೆ. ಒಂದಲ್ಲ ಒಂದು ದಿನ ತಂತಿಗಳು ಕಿತ್ತು ಬರುತ್ತವೆ. ಆಗ ಫೇಸ್ ಮೊದಲು ಕಳಚಬೇಕು, ಅರ್ತ್ ಎಲ್ಲಕ್ಕಿಂತ ಕೊನೆಗೆ. ಹೊರಗಿನ ಪಿನ್ನಿಗೂ ಇದೇ ಕ್ರಮ: ಅರ್ತ್ ಪಿನ್ ಉದ್ದ, ಅದು ಮೊದಲು ಒಳಹೋಗುತ್ತದೆ, ಕೊನೆಗೆ ಹೊರಬರುತ್ತದೆ. ಅದು ಒಳಗೆ ಹೋದರೆ ಮಾತ್ರ ಉಳಿದೆರಡು ತೂತುಗಳ ಒಳಬಾಗಿಲು ಸರಿಯುತ್ತದೆ. ಮಗು ಹೇರ್‌ಪಿನ್ ತೂರಿಸಲು ಹೋದರೆ ಆ ಬಾಗಿಲು ಬಿಡುವುದಿಲ್ಲ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ, ಯುದ್ಧ ಮುಗಿದ ಮೇಲೆ ಮನೆಗಳ ವೈರಿಂಗ್ ಹೇಗಿರಬೇಕೆಂದು ಯೋಚಿಸಲು ಅಲ್ಲಿನ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆ ಇಪ್ಪತ್ತು ಜನರ ಸಮಿತಿ ಕಟ್ಟಿತು. ಅದರಲ್ಲಿದ್ದ ಒಬ್ಬಳೇ ಮಹಿಳೆ ಕ್ಯಾರೊಲಿನ್ ಹ್ಯಾಸ್ಲೆಟ್, ಮಹಿಳೆಯರ ವಿದ್ಯುತ್ ಸಂಘದ ಮುಂದಾಳು. ಚಿಕ್ಕ ಮಕ್ಕಳಿರುವ ಮನೆಯ ಸುರಕ್ಷತೆಯ ಕಡೆಗೆ ಆ ಸಮಿತಿ ಕಣ್ಣು ಹಾಯಿಸಿದ್ದರಲ್ಲಿ ಆಕೆಯ ಪಾಲು ದೊಡ್ಡದು. 1947ರಲ್ಲಿ ಈ ಪ್ಲಗ್ಗಿನ ಮಾನಕ ಹೊರಬಂತು.

ಒಂದು ವಿಷಯ ನಮ್ಮ ಓದುಗರಿಗೆ ಹೇಳಲೇಬೇಕು. ನಮ್ಮ ಮನೆಗಳ ದುಂಡು ಮೂರು ಪಿನ್ನು ಕೂಡ ಇಂಗ್ಲೆಂಡಿನ ಹಳೆಯ ಮಾನಕದಿಂದಲೇ ಬಂದದ್ದು. ಅವರು ಅದನ್ನು ಮನೆಯಿಂದ ಹೊರಗೆ ಹಾಕಿದರು, ನಾವು ಉಳಿಸಿಕೊಂಡೆವು. ಅದೇ ಹಾಲ್‌ನ ರಂಗದ ಮೇಲೆ ಸಾಲು ದೀಪಗಳಿಗೆ ಜೋಡಿಸಿದ್ದು ನಮ್ಮ ಗೀಸರ್, ಗ್ರೈಂಡರುಗಳ ದಪ್ಪ ಪಿನ್ನೇ! ನಾಟಕದ ಮಧ್ಯೆ ಏಣಿ ಹತ್ತಿ ಪ್ಲಗ್ಗಿನ ಫ್ಯೂಸ್ ಬದಲಿಸಲಾಗದು ಎಂದು ಅಲ್ಲಿನ ರಂಗಭೂಮಿಯವರು ಫ್ಯೂಸಿಲ್ಲದ ಈ ಪಿನ್ನನ್ನು ಕೈಬಿಟ್ಟಿಲ್ಲ.

ಫ್ಯೂಸಿನ ಬಗ್ಗೆ ನಮ್ಮಲ್ಲಿ ಒಂದು ತಪ್ಪು ಭರವಸೆ ಇದೆ. ಫ್ಯೂಸಾಗಲಿ ಎಂಸಿಬಿಯಾಗಲಿ ಇರುವುದು ತಂತಿ ಕಾಯಲಿಕ್ಕೆ, ಮನುಷ್ಯನನ್ನು ಕಾಯಲಿಕ್ಕಲ್ಲ. ಒದ್ದೆ ಮೈಯ ತಡೆ ಸುಮಾರು 1000 ಓಮ್ ಎಂದುಕೊಂಡರೆ 230 ವೋಲ್ಟಿಗೆ ದೇಹದಲ್ಲಿ ಹರಿಯುವುದು 0.23 ಆಂಪಿಯರ್. ಹೃದಯ ನಿಲ್ಲಲು ಅದರ ಒಂದು ಪಾಲು ಸಾಕು. 13 ಆಂಪಿಯರಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಒಂದು ಬಲ್ಬು ಹತ್ತಿದೆ ಅಂದುಕೊಂಡು ಸುಮ್ಮನಿರುತ್ತದೆ. ಆದ್ದರಿಂದಲೇ ಅರ್ತ್ ತಂತಿ ಬೇಕು. ಒಳಗೆ ಫೇಸ್ ಬಿಚ್ಚಿಕೊಂಡು ಮಷಿನ್ನಿನ ಕಬ್ಬಿಣದ ಮೈಗೆ ತಾಗಿದರೆ, ಆ ಕರೆಂಟು ಮುಟ್ಟಿದವರ ಮೈಗಿಳಿಯುವ ಮೊದಲೇ ಈ ತಂತಿಯಲ್ಲಿ ಜೋರಾಗಿ ಹರಿದು ಫ್ಯೂಸ್ ಹಾರಬೇಕು. ಮಿಕ್ಕ ದಿನಗಳಲ್ಲಿ ಅದಕ್ಕೆ ಯಾವ ಕೆಲಸವೂ ಇಲ್ಲ. ಅದನ್ನು ಕಿತ್ತು ಬಿಸಾಕಿದರೂ ಗ್ರೈಂಡರ್ ತಿರುಗುತ್ತದೆ, ಫ್ರಿಜ್ ತಣ್ಣಗಾಗುತ್ತದೆ. ಇದ್ದರೂ ಇಲ್ಲದಿದ್ದರೂ ಒಂದೇ ಥರ ಕಾಣುವ ತಂತಿ ಅದು. ಅಪಾಯವೆಲ್ಲ ಹುಟ್ಟುವುದು ಇಲ್ಲೇ.

ಆ ಹಿರಿಯರು ಇನ್ನೊಂದು ದಿನ ತಮ್ಮ ಮನೆಗೆ ಕರೆದು ಮೀಟರಿನ ಕಪಾಟು ತೆರೆದು ತೋರಿಸಿದರು. ಬೀದಿಯಿಂದ ಬಂದ ದಪ್ಪ ಕೇಬಲ್ಲಿನಲ್ಲಿ ಫೇಸ್ ಒಂದು, ಅದರ ಸುತ್ತ ನ್ಯೂಟ್ರಲ್ ಒಂದು. ಪ್ರತ್ಯೇಕ ಅರ್ತ್ ಇಲ್ಲ. ಮನೆಯ ಅರ್ತ್ ತಂತಿ ಹೊರಟಿರುವುದು ಆ ನ್ಯೂಟ್ರಲ್ಲಿನಿಂದಲೇ! ನಾನು ತರಗತಿಯಲ್ಲಿ ಬೆತ್ತ ಹಿಡಿದವನ ಹಾಗೆ ಹೇಳಿದ್ದ ಮಾತೊಂದಿತ್ತು: ಸಾಕೆಟ್ಟಿನಲ್ಲಿ ನ್ಯೂಟ್ರಲನ್ನು ಅರ್ತಿಗೆ ಸೇರಿಸಿ ಕಟ್ಟುವುದು ಕೊಲೆಗೆ ಸಮ. ಆ ಮಾತನ್ನು ಇಂದಿಗೂ ಬದಲಿಸುವುದಿಲ್ಲ. ಹಾಗಾದರೆ ಇಲ್ಲಿ ಕಾಯಿದೆಯೇ ಅದನ್ನು ಒಪ್ಪಿದ್ದು ಹೇಗೆ?

ಅವರು ಬೆರಳಿಟ್ಟು ತೋರಿಸುತ್ತ ಹೋದರು. ಜೋಡಣೆ ಇರುವುದು ಮನೆಯೊಳಗಲ್ಲ, ಕಂಪನಿಯ ಸೀಲ್ ಇರುವ ಪೆಟ್ಟಿಗೆಯಲ್ಲಿ. ಅದಕ್ಕೆ ಕಂಪನಿಯೇ ಹೊಣೆ. ಬೀದಿಯುದ್ದಕ್ಕೂ ಆ ನ್ಯೂಟ್ರಲನ್ನು ಒಂದೆಡೆಯಲ್ಲ, ಹಲವೆಡೆ ಭೂಮಿಗೆ ಇಳಿಸಿರುತ್ತಾರೆ. ಮನೆಯೊಳಗೆ ಬರುವ ನೀರಿನ ಪೈಪು, ಗ್ಯಾಸಿನ ಪೈಪುಗಳನ್ನು ದಪ್ಪ ತಂತಿಯಿಂದ ಅರ್ತಿಗೆ ಬಿಗಿದು, ಇದು ಜೀವರಕ್ಷಣೆಯ ಜೋಡಣೆ, ತೆಗೆಯಬೇಡಿ ಎಂಬ ತಗಡಿನ ಚೀಟಿ ಕಟ್ಟಿರುತ್ತಾರೆ. ಆ ಕಪಾಟಿನ ಕೆಳಗೂ ಒಂದು ಚೀಟಿ ಇತ್ತು, ಬಣ್ಣ ಮಾಸಿದ್ದರೂ ಅಕ್ಷರ ಓದುವಂತಿತ್ತು. ಇಷ್ಟೆಲ್ಲ ಇದ್ದೂ ಬೀದಿಯಲ್ಲಿ ನ್ಯೂಟ್ರಲ್ ಕಡಿದರೆ ಮನೆಯ ಲೋಹದ ಮೈಗಳಿಗೆ ಕರೆಂಟು ಏರಬಹುದೆಂದು ಅವರಿಗೆ ಗೊತ್ತು. ಅದಕ್ಕೇ ಕ್ಯಾರವಾನ್‌ಗಳಿಗೂ ದೋಣಿಗಳಿಗೂ ಈ ಪದ್ಧತಿಯ ಅರ್ತ್ ಕೊಡುವುದನ್ನು ನಿಷೇಧಿಸಿದ್ದಾರೆ. ಹಸಿ ನೆಲದ ಮೇಲೆ ನಿಂತು ತಗಡಿನ ಬಾಗಿಲು ಮುಟ್ಟುವವರು ಅಲ್ಲಿರುತ್ತಾರಲ್ಲ. ಮನೆಯಂಗಳದಲ್ಲಿ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಕೂರಿಸುವಾಗಲೂ ಇದೇ ಭಯಕ್ಕೆ ಬೇರೆ ಏರ್ಪಾಡು ಮಾಡುತ್ತಾರೆ.

ನ್ಯೂಕಾಸಲ್‌ನಿಂದ ಉತ್ತರಕ್ಕೆ, ರಾತ್‌ಬರಿಯ ಬಳಿ ಗುಡ್ಡದ ಮೇಲೆ ಕ್ರಾಗ್‌ಸೈಡ್ ಎಂಬ ಬಂಗಲೆ ಇದೆ. ತೋಪು, ಹಡಗು ಮಾಡಿಸುತ್ತಿದ್ದ ವಿಲಿಯಂ ಆರ್ಮ್‌ಸ್ಟ್ರಾಂಗ್ ಕಟ್ಟಿಸಿದ್ದು. ಕೆರೆ ಕಟ್ಟಿಸಿ, ಅದರ ನೀರಿನಿಂದ ಡೈನಮೊ ತಿರುಗಿಸಿ 1878ರಲ್ಲೇ ಮನೆಗೆ ಆರ್ಕ್ ದೀಪ ತಂದ, 1880ರಲ್ಲಿ ಜೋಸೆಫ್ ಸ್ವಾನ್‌ನ ಬಲ್ಬುಗಳನ್ನು ಹಾಕಿಸಿದ. ಮಗಳು ಉದ್ಯಾನದ ಹೂ ನೋಡಲು ಕರೆದೊಯ್ದಿದ್ದಳು. ನಾನು ಲೈಬ್ರರಿಯ ಕೋಣೆಯಿಂದ ಹೊರಬರಲಿಲ್ಲ. ಅಲ್ಲಿ ತಾಮ್ರದ ಮೇಲೆ ಬಣ್ಣದ ಮೀನಾಕಾರಿ ಮಾಡಿದ ಹೂದಾನಿಗಳಿವೆ, ತಲೆಯ ಮೇಲೆ ಬಲ್ಬು. ಆಗ ಆರ್ಮ್‌ಸ್ಟ್ರಾಂಗ್ ಮಾಡಿಸಿದ ಏರ್ಪಾಡು ಹೀಗಿತ್ತು: ಪೀಠದ ನಡುವೆ ಪಾದರಸ ತುಂಬಿದ ಪುಟ್ಟ ಬಟ್ಟಲು. ಹೂದಾನಿಯ ತಳದಿಂದ ಇಣುಕುವ ಬರಿ ತಂತಿ ಅದರಲ್ಲಿ ಮುಳುಗಿದರೆ ದೀಪ ಹತ್ತುತ್ತದೆ, ಹೂದಾನಿ ಎತ್ತಿದರೆ ಆರುತ್ತದೆ. ಬಲ್ಬಿನಿಂದ ಕರೆಂಟು ಹಿಂದಿರುಗುವುದು ಇನ್ನೊಂದು ತಂತಿಯಲ್ಲಲ್ಲ, ಹೂದಾನಿಯ ತಾಮ್ರದ ಮೈಯಲ್ಲೇ. ಅಂದರೆ ಕೈ ಇಡುವ ಮೈಯೇ ನ್ಯೂಟ್ರಲ್! ಅಂದಿನ ವೋಲ್ಟೇಜು ಇಂದಿನ 230 ಅಲ್ಲ, ಮುಟ್ಟುವವರೂ ಮನೆಯ ನಾಲ್ಕು ಜನ. ಆದರೂ ಎದೆ ಧಸಕ್ಕೆಂದಿತು. ಕರೆಂಟು ಹರಿಯುವ ದಾರಿ ಬೇರೆ, ಮನುಷ್ಯ ಮುಟ್ಟುವ ಮೈ ಬೇರೆ ಎಂಬ ಇಷ್ಟು ಸರಳ ಸಂಗತಿಯನ್ನು ಜಗತ್ತು ಹುಟ್ಟುತ್ತಲೇ ತಿಳಿದುಕೊಂಡಿರಲಿಲ್ಲ; ಬೇರ್ಪಡಿಸಲು ದಶಕಗಳೇ ಹಿಡಿದವು.

ಬರ್ಲಿನ್ನಿನಲ್ಲಿ ಅದು ಇನ್ನೂ ಪೂರ್ತಿ ಬೇರ್ಪಟ್ಟಿಲ್ಲ ಎಂಬುದು ನನ್ನ ಅಕ್ಕನ ಮಗನ ಬಾಡಿಗೆ ಮನೆಯಲ್ಲಿ ತಿಳಿಯಿತು. ಪ್ರೆನ್ಸ್‌ಲಾವರ್ ಬೆರ್ಗ್ ಎಂಬ ಆ ಬಡಾವಣೆ ಹಿಂದೆ ಪೂರ್ವ ಜರ್ಮನಿಯಲ್ಲಿತ್ತು. ಎತ್ತರದ ಸೂರಿನ ಹಳೆಯ ಮನೆಗಳು. ಅಡುಗೆಮನೆಯ ಸಾಕೆಟ್ ಸಡಿಲವಾಗಿ, ಎಲೆಕ್ಟ್ರಿಷಿಯನ್ ಬಂದಿದ್ದ. "ಮಾಮ, ನಿಮಗೆ ಹಬ್ಬ ಬಂತು ನೋಡಿ" ಎಂದ ಹುಡುಗ. ಜರ್ಮನಿಯ ಪ್ಲಗ್ಗಿನಲ್ಲಿ ಅರ್ತಿಗೆ ಪಿನ್ ಇಲ್ಲ. ಗುಂಡಗೆ ಒಳಸರಿದ ಸಾಕೆಟ್ಟಿನ ಮೇಲೊಂದು ಕೆಳಗೊಂದು ಸ್ಪ್ರಿಂಗಿನ ಪಟ್ಟಿ ಇದೆ. ಪ್ಲಗ್ ಕೂರುವಾಗ ಮೊದಲು ತಾಗುವುದು ಆ ಪಟ್ಟಿಗಳೇ. ಪ್ಲಗ್ಗನ್ನು ತಿರುಗಿಸಿಯೂ ಚುಚ್ಚಬಹುದಾದ್ದರಿಂದ ಫೇಸ್ ಯಾವ ಪಿನ್ನಿನಲ್ಲಿದೆ ಎಂದು ಹೇಳಲಾಗದು. ಅವರು ಅದನ್ನು ನೆಚ್ಚಿಕೊಂಡೂ ಇಲ್ಲ.

ಮುಚ್ಚಳ ತೆಗೆದಾಗ ಗೋಡೆಯಿಂದ ಎರಡೇ ತಂತಿ ಬಂದಿದ್ದವು, ಅಲ್ಯೂಮಿನಿಯಮ್ಮಿನವು. ಒಂದು ಫೇಸ್. ಇನ್ನೊಂದು ನೇರವಾಗಿ ಅರ್ತ್ ಪಟ್ಟಿಯ ಸ್ಕ್ರೂಗೆ ಬಂದು, ಅಲ್ಲಿಂದ ಎರಡು ಅಂಗುಲದ ತುಂಡು ತಂತಿಯಲ್ಲಿ ನ್ಯೂಟ್ರಲ್ ಟರ್ಮಿನಲ್ಲಿಗೆ ಹೋಗಿತ್ತು. ನಾನು ಕೊಲೆ ಎಂದು ಹೇಳಿಕೊಡುತ್ತಿದ್ದ ಅದೇ ಜೋಡಣೆ, ಆದರೆ ಕಟ್ಟಿದ ಕ್ರಮ ನೋಡಿ: ಮೊದಲು ಅರ್ತ್, ಆಮೇಲೆ ನ್ಯೂಟ್ರಲ್. ಆ ತುಂಡು ತಂತಿ ಸಡಿಲವಾದರೆ ಮಷಿನ್ ನಿಲ್ಲುತ್ತದೆ, ಮೈಗೆ ಕರೆಂಟು ಬರುವುದಿಲ್ಲ. ಕಟ್ಟಿದವನು ಯೋಚಿಸಿಯೇ ಕಟ್ಟಿದ್ದ. ಆದರೆ ಗೋಡೆಯೊಳಗೆ ಎಲ್ಲಾದರೂ ಆ ಎರಡನೆಯ ತಂತಿ ತುಂಡಾದರೆ ಯಾವ ಕ್ರಮವೂ ಕಾಯುವುದಿಲ್ಲ. ಫೇಸ್ ಮಷಿನ್ನಿನೊಳಗಿಂದ ಹಾದು ನೇರ ಅದರ ಮೈಗೆ ಬರುತ್ತದೆ. ಅಲ್ಯೂಮಿನಿಯಂ ತಂತಿ ಸ್ಕ್ರೂ ಕೆಳಗೆ ವರ್ಷವರ್ಷವೂ ಸಡಿಲವಾಗುವ ಜಾತಿ. ಪಶ್ಚಿಮ ಜರ್ಮನಿ ಹೊಸ ಕಟ್ಟಡಗಳಲ್ಲಿ ಇದನ್ನು 1973ರಲ್ಲಿ ನಿಲ್ಲಿಸಿತು, ಪೂರ್ವದಲ್ಲಿ 1990ರವರೆಗೂ ನಡೆಯಿತು. ಎಲೆಕ್ಟ್ರಿಷಿಯನ್ ಬರಿ ಸಾಕೆಟ್ ಬದಲಿಸಿ ಹೋಗಲಿಲ್ಲ. ಅಡುಗೆಮನೆಗೆ ಮೂರು ತಂತಿಯ ಹೊಸ ಲೈನ್ ಎಳೆಯಬೇಕೆಂದು ಮನೆಯ ಮಾಲೀಕರಿಗೆ ಬರೆದುಕೊಟ್ಟ. ಕೆಲಸ ಸಣ್ಣದೆಂದು ಸುಮ್ಮನಾಗದ ಅವನ ಬಗ್ಗೆ ನನಗೆ ಗೌರವ ಮೂಡಿತು.

ತಂತಿಯ ಬಣ್ಣವನ್ನು ನಂಬುವವರಿಗೆ ಅದೇ ಮನೆಯಲ್ಲಿ ಇನ್ನೊಂದು ಪಾಠವಿತ್ತು. ಅಟ್ಟದ ಮೇಲೆ ಸಿಕ್ಕ ಹಳೆಯ ಜರ್ಮನ್ ದೀಪವೊಂದರಲ್ಲಿ ಕೆಂಪು ತಂತಿ ಲೋಹದ ಮೈಗೆ ಕಟ್ಟಿತ್ತು. 1960ರ ದಶಕದ ನಡುಭಾಗದವರೆಗೂ ಅಲ್ಲಿ ಅರ್ತಿಗೆ ಕೆಂಪು. ಆಗ ಇಂಗ್ಲೆಂಡಿನಲ್ಲೂ ನಮ್ಮಲ್ಲೂ ಕೆಂಪೆಂದರೆ ಫೇಸ್. ಅಂಥ ದೀಪವನ್ನು ಇಂಗ್ಲೆಂಡಿಗೆ ಒಯ್ದು ಅಲ್ಲಿನ ಆ ಹಳೆಯ ರೂಢಿಯಂತೆ ಪ್ಲಗ್ ಕಟ್ಟಿದರೆ ದೀಪದ ಮೈಗೇ 230 ವೋಲ್ಟ್. ಇಂಥ ಗೊಂದಲ ತಪ್ಪಿಸಲಿಕ್ಕೇ ಯುರೋಪು ಕಂದು, ನೀಲಿ, ಹಸಿರು-ಹಳದಿ ಎಂದು ವೈರುಗಳ ಬಣ್ಣವನ್ನು ಒಂದುಮಾಡಿದ್ದು. ನಮ್ಮ ಗೋಡೆಯೊಳಗಿನ ಕಪ್ಪು ನ್ಯೂಟ್ರಲ್, ಅಮೆರಿಕದ ಗೋಡೆಯೊಳಗಿನ ಕಪ್ಪು ಫೇಸ್. ಅಲ್ಲಿ ಮನೆ ಕೊಂಡ ನಮ್ಮ ಹುಡುಗರು ಸ್ವಿಚ್ ಬದಲಿಸಲು ಹೊರಟರೆ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ.

ಜಪಾನಿಗೆ ಹೋದಾಗ ಕ್ಯೋಟೊದಲ್ಲಿ ನಾವು ಉಳಿದ ಬಾಡಿಗೆ ಕೋಣೆಯ ಬಾಲ್ಕನಿಯಲ್ಲಿ ವಾಷಿಂಗ್ ಮಷಿನ್ ಇತ್ತು. ಅಲ್ಲಿನ ಕರೆಂಟು 100 ವೋಲ್ಟ್, ಸಾಕೆಟ್ಟಿಗೆ ಎರಡೇ ಸೀಳು. ದಿಟ್ಟಿಸಿ ನೋಡಿದರೆ ಒಂದು ಸೀಳು ಇನ್ನೊಂದಕ್ಕಿಂತ ಎರಡು ಮಿಲಿಮೀಟರ್ ಉದ್ದ, ಅದು ನ್ಯೂಟ್ರಲ್ ಕಡೆಯದು. ಅರ್ತಿಗೆ ತೂತೇ ಇಲ್ಲ. ಬದಲಿಗೆ ಮಷಿನ್ನಿನಿಂದ ಒಂದು ಹಸಿರು ತಂತಿ ಪ್ರತ್ಯೇಕವಾಗಿ ಹೊರಬಂದು, ಸಾಕೆಟ್ಟಿನ ಕೆಳಗಿನ ಚಿಕ್ಕ ಮುಚ್ಚಳ ಎತ್ತಿದರೆ ಕಾಣುವ ಸ್ಕ್ರೂಗೆ ಕಟ್ಟಿತ್ತು. ಪ್ಲಗ್ ಕಿತ್ತರೂ ಅರ್ತ್ ಕಿತ್ತುಹೋಗದು. ಅರ್ತ್ ಇದೆಯೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತೇ ಕಣ್ಣಿಂದ ನೋಡಬಹುದು. ಇದರ ದೋಷವೂ ಅಲ್ಲೇ ಇತ್ತು: ಒಳಗಿನ ಮೈಕ್ರೊವೇವಿನ ಹಸಿರು ತಂತಿಯನ್ನು ಯಾರೂ ಕಟ್ಟಿರಲಿಲ್ಲ, ಕಾರ್ಖಾನೆಯಲ್ಲಿ ಸುರುಳಿ ಸುತ್ತಿದ ಹಾಗೆಯೇ ಹಿಂದೆ ಬಿದ್ದಿತ್ತು.

ಆದರೆ ಅವರ ನಿಯಮದ ಒಂದು ಅಂಕಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಮನೆಯ ಮಷಿನ್ನುಗಳ ಅರ್ತಿನ ತಡೆ 100 ಓಮ್ ಒಳಗಿರಬೇಕು. ಸೋರಿಕೆ ಕಂಡೊಡನೆ ಅರ್ಧ ಸೆಕೆಂಡಿನಲ್ಲಿ ಲೈನ್ ಕಡಿಯುವ ಬ್ರೇಕರ್ ಇದ್ದರೆ 500 ಓಮ್ ತನಕ ಆಗಬಹುದು. ನಮ್ಮ ಕಡೆ ಇದ್ದಿಲು, ಉಪ್ಪು ತುಂಬಿ, ಪೈಪು ಹೂಳಿ, ಬೇಸಿಗೆಯಲ್ಲಿ ನೀರು ಹೊಯ್ದು 5 ಓಮಿಗೆ ಇಳಿಸಬೇಕೆಂದು ಹೇಳಿಕೊಟ್ಟವರಿಗೆ 500 ಎಂಬುದು ಅಸಡ್ಡೆಯಂತೆ ಕೇಳುತ್ತದೆ. ಅಸಡ್ಡೆಯಲ್ಲ. ಆ ಬ್ರೇಕರ್ ಹೋದ ಕರೆಂಟು, ಮರಳಿದ ಕರೆಂಟು ಎರಡನ್ನೂ ತಾಳೆ ನೋಡುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಂದರೆ ಬೀಳುತ್ತದೆ. 30 ಮಿಲಿಆಂಪಿಯರನ್ನು 500 ಓಮಿನಿಂದ ಗುಣಿಸಿದರೆ 15 ವೋಲ್ಟ್; ಲೈನ್ ಕಡಿಯದೆ ಮಷಿನ್ನಿನ ಮೈಯಲ್ಲಿ ನಿಲ್ಲಬಹುದಾದದ್ದು ಅಷ್ಟೇ. ಮುಟ್ಟಿದವರಿಗೆ ಜೀವಭಯವಿಲ್ಲ.

ಈಗ ನಮ್ಮ ಮಲೆನಾಡಿನ ಮನೆಯ ಲೆಕ್ಕ ಹಾಕಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ, ಹಳೆಯ ಅರ್ತ್ ಗುಂಡಿಯ ತಡೆ 40 ಓಮಿಗೆ ಏರಿದೆ, ಟ್ರಾನ್ಸ್‌ಫಾರ್ಮರಿನ ಅರ್ತ್ 5 ಓಮ್ ಎಂದಿಟ್ಟುಕೊಳ್ಳೋಣ. ಗ್ರೈಂಡರಿನ ಮೈಗೆ ಫೇಸ್ ತಾಗಿತು. ಹರಿಯುವುದು 5 ಆಂಪಿಯರಿಗೆ ಸ್ವಲ್ಪ ಹೆಚ್ಚು. 16 ಆಂಪಿಯರಿನ ಎಂಸಿಬಿ ಬೀಳುವುದಿಲ್ಲ. ಗ್ರೈಂಡರಿನ ಮೈ 200 ವೋಲ್ಟಿಗೂ ಮೇಲೆ ನಿಂತಿರುತ್ತದೆ, ಅರ್ತ್ ಗುಂಡಿ ಇದ್ದೂ. ಅದೇ ಮನೆಗೆ ಸೋರಿಕೆ ಹಿಡಿಯುವ ಆ ಬ್ರೇಕರ್, ಅಂದರೆ ಒಂದು ಆರ್‌ಸಿಸಿಬಿ ಹಾಕಿದರೆ ಮೈ ಎರಡು ವೋಲ್ಟಿನ ಮೇಲೆ ನಿಲ್ಲಲು ಬಿಡದೆ ಕ್ಷಣದಲ್ಲೇ ಲೈನ್ ಕಡಿದಿರುತ್ತದೆ. ಅದರ ಬೆಲೆ ಒಂದು ಗೀಸರಿನ ಬೆಲೆಯ ಅರ್ಧವೂ ಇಲ್ಲ. ಬಚ್ಚಲಿಗೆ ಟೈಲ್ಸ್ ಆರಿಸಲು ಶಿವಮೊಗ್ಗಕ್ಕೆ ಹೋಗಿ ದಿನವಿಡೀ ಅಂಗಡಿ ಸುತ್ತುವ ಜನ ಇದೊಂದನ್ನು ಕೇಳಿ ಹಾಕಿಸಿಕೊಳ್ಳುವುದಿಲ್ಲ ಎಂಬುದು ನನಗೆ ಸಹಿಸಲಾಗದ ಸಂಕಟ.

ಊರಿಗೆ ಮರಳಿದ ಮೇಲೆ ಸಾಗರದ ಹತ್ತಿರದ ಒಂದು ಮನೆಗೆ ನನ್ನ ಹಳೆಯ ಶಿಷ್ಯ ಕರೆದೊಯ್ದ. ಹೊಸ ಮನೆ, ಆರ್‌ಸಿಸಿಬಿ ಹಾಕಿದ್ದರು, ಆದರೆ ಬೈಪಾಸ್ ಮಾಡಿಬಿಟ್ಟಿದ್ದರು.

"ಸುಮ್ಮಸುಮ್ಮನೆ ಬೀಳ್ತದೆ ಸರ್. ಮನೆಯವರು ಬೈತಾರೆ. ಪೀಸೇ ಸರಿ ಇಲ್ಲ ಕಾಣ್ತದೆ."

"ಸುಮ್ಮನೆ ಯಾವುದೂ ಬೀಳೂದಿಲ್ಲ ಮಾರಾಯ. ಮೊದಲು ಸಾಕೆಟ್ ಬಿಚ್ಚು."

ಹೋಲ್ಡರಿಗೆ ಬಲ್ಬು ಹಾಕಿ ಎರಡು ತಂತಿ ಬಿಟ್ಟ ಟೆಸ್ಟ್ ಲ್ಯಾಂಪ್ ಹಿಡಿದು ಹೊರಟೆವು. ಫೇಸಿಗೂ ಅರ್ತಿಗೂ ಹಿಡಿದರೆ ಎಲ್ಲ ಕಡೆ ಬಲ್ಬು ಮಂಕು. ವಾಷಿಂಗ್ ಮಷಿನ್ನಿನ ಸಾಕೆಟ್ಟಿನಲ್ಲಿ ಮಾತ್ರ ಝಗ್ಗನೆ ಉರಿಯಿತು. ಮನೆಯವರಿಗೆ ಅದೇ ಒಳ್ಳೆಯ ಅರ್ತ್ ಎನ್ನಿಸಿತು. ಬಿಚ್ಚಿದರೆ ಒಳಗೆ ಅರ್ತ್ ಪಿನ್ನಿನಿಂದ ನ್ಯೂಟ್ರಲ್ಲಿಗೆ ಒಂದು ಕಪ್ಪು ತುಂಡು ತಂತಿ. ಮಷಿನ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ದೂರಿದಾಗ ಯಾರೋ ಕಟ್ಟಿ ಹೋದದ್ದು. ಆ ದಿನ ಜುಮ್ಮೆನ್ನುವುದು ನಿಂತಿತು. ಇಂಗ್ಲೆಂಡಿನ ಸೀಲ್ ಪೆಟ್ಟಿಗೆ, ಬೀದಿಯುದ್ದದ ಅರ್ತುಗಳು, ಬರ್ಲಿನ್ನಿನವನು ಪಾಲಿಸಿದ ಕ್ರಮ, ಒಂದೂ ಇಲ್ಲಿರಲಿಲ್ಲ. ಇದ್ದದ್ದು ಆ ತುಂಡು ಮಾತ್ರ. ಕಂಬದ ಮೇಲೆ ನ್ಯೂಟ್ರಲ್ ಸಡಿಲವಾದ ದಿನ ಬಟ್ಟೆ ತೆಗೆಯಲು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಗತಿ ಏನು? ಆರ್‌ಸಿಸಿಬಿ ಬೀಳುತ್ತಿದ್ದದ್ದು ಈ ತಂತಿಯಿಂದಲೇ: ನ್ಯೂಟ್ರಲ್ಲಿನಲ್ಲಿ ಮರಳಬೇಕಾದ ಕರೆಂಟಿನ ಒಂದು ಪಾಲು ಅರ್ತಿಗೆ ಹೋಗುತ್ತಿತ್ತು. ಅದು ದಿನವೂ ನಿಜ ಹೇಳುತ್ತಿತ್ತು, ಇವರು ಅದರ ಬಾಯಿ ಮುಚ್ಚಿಸಿದ್ದರು.

ತುಂಡು ತೆಗೆದು ಬೈಪಾಸ್ ಬಿಡಿಸಿದೆವು. ಆರ್‌ಸಿಸಿಬಿ ಗಟ್ಟಿಯಾಗಿ ನಿಂತಿತು. ಟೆಸ್ಟ್ ಬಟನ್ ಒತ್ತಿದರೆ ಟಕ್ಕೆಂದು ಬಿತ್ತು. ತಿಂಗಳಿಗೊಮ್ಮೆ ಹೀಗೆ ಒತ್ತಿ ನೋಡಿ ಎಂದು ಮನೆಯ ಹೆಂಗಸರಿಂದಲೇ ಒತ್ತಿಸಿದೆವು. ಜುಮ್ಮೆನ್ನುವುದಕ್ಕೆ ಕಾರಣ ಬೇರೆ ಇತ್ತು: ಮುರಿದ ಅರ್ತ್ ಪೈಪು. ಬಚ್ಚಲ ನೀರು ಹರಿಯುವ ಕಡೆ, ನೆಲ ವರ್ಷವಿಡೀ ತೇವ ಇರುವಲ್ಲಿ ಹೊಸ ಗುಂಡಿಗೆ ಜಾಗ ಗುರುತಿಸಿದೆವು.

ವಾಪಸು ಬರುವಾಗ ಹುಡುಗ ಬೈಕ್ ನಿಲ್ಲಿಸಿ ಹೇಳಿದ: "ಸರ್, ಇನ್ನೂ ನಾಲ್ಕು ಮನೆಗೆ ಹೀಗೇ ಬೈಪಾಸ್ ಮಾಡಿ ಬಂದಿದ್ದೀನಿ." ಅವುಗಳ ಹೆಸರು ಚೀಟಿಯಲ್ಲಿ ಬರೆಸಿಕೊಂಡೆ. ಒಂದರಲ್ಲಿ ಅಡಿಕೆ ಸುಲಿಯುವ ಮಷಿನ್ ಇದೆ. ಅಂಗಳದಲ್ಲಿ ಬರಿಗಾಲಲ್ಲಿ ಕೂತು ಕೆಲಸ ಮಾಡುವವರು ಹತ್ತಾರು ಜನ. ಕೊಯ್ಲು ಶುರುವಾಗುವ ಮೊದಲು ಅಲ್ಲಿಗೆ ಹೋಗಬೇಕೆಂದು ಮೊದಲ ಹೆಸರು ಅದನ್ನೇ ಮಾಡಿಕೊಂಡಿದ್ದೇವೆ.